ಮಂಡಿಗೆ ಭಾರ ಹೊರಿಸಿದ ಡಾಕ್ಟರು

ಮೈಸೂರಿನ ಒಂದು ಫಿಸಿಯೊಥೆರಪಿ ಕೇಂದ್ರದ ಬೀರುವಿನಲ್ಲಿ, ಹಳೆಯ ಕ್ರೇಪ್ ಬ್ಯಾಂಡೇಜು, ಸವೆದ ಊರುಗೋಲುಗಳ ನಡುವೆ ಒಂದು ಕಬ್ಬಿಣದ ಬೂಟು ಸಿಕ್ಕಿತು. ಬೂಟು ಅಂದರೆ ಪೂರ್ತಿ ಬೂಟಲ್ಲ. ಅಂಗಾಲಿನಾಕಾರದ ಎರಕದ ತಟ್ಟೆ, ಕಾಲಿಗೆ ಬಿಗಿಯಲು ಚರ್ಮದ ಪಟ್ಟಿ, ತಳದಲ್ಲಿ ಸರಳು ತೂರಿಸುವ ತೂತು. ಸರಳಿನ ಎರಡೂ ತುದಿಗೆ ತೂಕದ ಬಿಲ್ಲೆಗಳನ್ನು ಸಿಕ್ಕಿಸಬಹುದು. ಕೇಂದ್ರದ ಮೇಡಂ ಅದನ್ನು ಗುಜರಿಗೆ ಹಾಕುವವರಿದ್ದರು. ‘ನಮ್ಮ ಗುರುಗಳ ಕಾಲದ್ದು ಸಾರ್, ಈಗ ಯಾರೂ ಬಳಸಲ್ಲ’ ಎಂದರು. ನನಗೋ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಓದಿ ಮಾತ್ರ ಗೊತ್ತಿದ್ದ ಡಿಲೋರ್ಮ್ ಬೂಟು ಅದು!

ಥಾಮಸ್ ಡಿಲೋರ್ಮ್ ಅಮೆರಿಕದ ಅಲಬಾಮದವರು. ಹದಿಹರೆಯದಲ್ಲಿ ರುಮ್ಯಾಟಿಕ್ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಹುಡುಗ, ಎದ್ದ ಮೇಲೆ ಭಾರ ಎತ್ತುತ್ತಲೇ ಮೈ ಕಟ್ಟಿಕೊಂಡ. ಮುಂದೆ ಡಾಕ್ಟರಾಗಿ, ಎರಡನೇ ಮಹಾಯುದ್ಧದ ಹೊತ್ತಿಗೆ ಷಿಕಾಗೋದ ಗಾರ್ಡಿನರ್ ಸೈನಿಕ ಆಸ್ಪತ್ರೆ ಸೇರಿದರು. ಮಂಡಿ ಮುರಿದುಕೊಂಡ ಎಳೆಯ ಸೈನಿಕರಿಂದ ವಾರ್ಡುಗಳು ತುಂಬಿದ್ದವು. ಆಗಿನ ಪದ್ಧತಿಯಂತೆ ಅವರಿಗೆಲ್ಲ ಹಗುರ ವ್ಯಾಯಾಮ. ಅದನ್ನೇ ನೂರಾರು ಸಲ. ಸೊರಗಿದ ತೊಡೆ ಸೊರಗಿದಂತೆಯೇ ಉಳಿಯುತ್ತಿತ್ತು. ಡಿಲೋರ್ಮ್ ಅದನ್ನು ತಿರುಗಿಸಿ ಹಾಕಿದರು. ರೋಗಿಯನ್ನು ಮೇಜಿನ ಅಂಚಿಗೆ ಕೂರಿಸಿ, ಕಾಲಿಗೆ ಈ ಬೂಟು ಕಟ್ಟಿ, ಹತ್ತು ಸಲವಷ್ಟೇ ಎತ್ತಬಲ್ಲ ಭಾರ ಯಾವುದೆಂದು ಕಂಡುಹಿಡಿದರು. ವಾರವಾರಕ್ಕೂ ಅದನ್ನು ಏರಿಸಿದರು. 1945ರಲ್ಲಿ ಮೂಳೆ ಶಸ್ತ್ರಚಿಕಿತ್ಸಕರ ಪತ್ರಿಕೆಯೊಂದರಲ್ಲಿ ಬರೆದಾಗ, ಹತ್ತರ ಏಳರಿಂದ ಹತ್ತು ಸುತ್ತು ಬೇಕೆಂದಿದ್ದರು. ಅಷ್ಟು ಬೇಡವೆಂದು ಆಮೇಲೆ ಅವರಿಗೇ ಅನ್ನಿಸಿತು. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆಗೂಡಿ ಮೂರೇ ಸುತ್ತಿಗೆ ಇಳಿಸಿದರು: ಮೊದಲು ಅರ್ಧ ಭಾರ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ಇವತ್ತು ಜಿಮ್ಮಿನ ಹುಡುಗರು ‘ಮೂರು ಸೆಟ್, ಹತ್ತತ್ತು’ ಎನ್ನುತ್ತಾರಲ್ಲ, ಅದರ ಬೇರು ಒಂದು ಆಸ್ಪತ್ರೆಯ ಮಂಡಿ ವಾರ್ಡಿನಲ್ಲಿದೆ. ನನಗಿದು ಎಷ್ಟು ಸಲ ಹೇಳಿದರೂ ದಣಿಯದ ಕಥೆ.

ಬೂಟು ಮೂಲೆ ಸೇರಿದ್ದಕ್ಕೆ ಕಾರಣವಿದೆ. ಕಾಲು ಇಳಿಬಿಟ್ಟು ಕೂತಾಗ ಅದರ ಭಾರ ಕೀಲನ್ನೇ ಕೆಳಕ್ಕೆ ಜಗ್ಗುತ್ತದೆ. ಆ ಕೆಲಸಕ್ಕೆ ಈಗ ಬೇರೆ ಯಂತ್ರಗಳಿವೆ. ಆದರೆ ಬೂಟಿನ ಜೊತೆಗೆ ಅದರ ಲೆಕ್ಕಾಚಾರವೂ ಮೂಲೆ ಸೇರಿದ್ದು ನನಗೆ ನೋವಿನ ಸಂಗತಿ. ಎಷ್ಟೋ ಕಡೆ ಮಂಡಿಗೆ ಪೆಟ್ಟಾದ ಮಕ್ಕಳನ್ನು ಕರೆಂಟಿನ ಪ್ಯಾಡಿನಡಿ ಮಲಗಿಸಿ, ಶಾಖ ಕೊಟ್ಟು, ಹಾಳೆಯಲ್ಲಿ ನಾಲ್ಕು ವ್ಯಾಯಾಮದ ಚಿತ್ರ ಬರೆದು ಕಳಿಸುತ್ತಾರೆ. ಮೊದಲ ವಾರದ ವ್ಯಾಯಾಮವೇ ಮೂರನೇ ತಿಂಗಳಿಗೂ. ಶಾಖದಿಂದ ನೋವು ಸ್ವಲ್ಪ ಹೊತ್ತು ತಗ್ಗೀತು, ಸ್ನಾಯು ಬೆಳೆಯದು.

ಆ ಕೇಂದ್ರದಲ್ಲಿ ಹಾಗಿರಲಿಲ್ಲ. ಅಂದು ಬಂದಿದ್ದವಳು ಮಂಡ್ಯ ಕಡೆಯ ಪಿಯುಸಿ ಹುಡುಗಿ, ಕಬಡ್ಡಿ ರೈಡರ್. ದಾಳಿಗೆ ಹೋಗಿ ಸರಕ್ಕನೆ ತಿರುಗಿದಾಗ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟು ಹರಿದಿತ್ತು. ಯಾರೂ ಮುಟ್ಟಿರಲಿಲ್ಲವಂತೆ. ಈ ಗಾಯ ಬಹುಪಾಲು ಹೀಗೇ ಆಗುವುದು. ಓಡುತ್ತ ದಿಕ್ಕು ಬದಲಿಸುವ, ನೆಗೆದು ಇಳಿಯುವ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಆಪರೇಷನ್ ಆಗಿ ಆರನೇ ತಿಂಗಳು. ‘ಮೇಡಂ, ನೋವೇ ಇಲ್ಲ, ದಸರಾ ಕ್ರೀಡಾಕೂಟಕ್ಕೆ ಹೋಗ್ಲಾ?’ ಎಂದಳು. ಮೇಡಂ ಮಾತಾಡದೆ ನೆಲದ ಮೇಲೆ ಟೇಪು ಹಾಸಿದರು. ಒಂದೇ ಕಾಲಲ್ಲಿ ಹಾರಿ ಅದೇ ಕಾಲಲ್ಲಿ ನಿಲ್ಲಬೇಕು. ಒಳ್ಳೆಯ ಕಾಲು 130 ಸೆಂ.ಮೀ., ಪೆಟ್ಟಾದ ಕಾಲು 97. ‘ಮುಕ್ಕಾಲೂ ಬಂದಿಲ್ಲ ಕಣಮ್ಮ. ತೊಂಬತ್ತು ಪರ್ಸೆಂಟ್ ಆಗ್ಲಿ.’ ಹುಡುಗಿಯ ಕಣ್ಣಲ್ಲಿ ನೀರು. ಅವಳಪ್ಪ ಮಾತ್ರ ‘ಮುಂದಿನ ವರ್ಷನೂ ದಸರಾ ಬತ್ತದೆ ಬುಡು ಮಗಾ’ ಎಂದರು. ಅಂಥ ಅಪ್ಪಂದಿರು ಅಪರೂಪ.

ಮೇಡಂ ಹಟದ ಹಿಂದೆ ಪುರಾವೆ ಇತ್ತು. 2016ರಲ್ಲಿ ಪ್ರಕಟವಾದ ನಾರ್ವೆ–ಅಮೆರಿಕ ತಜ್ಞರ ಅಧ್ಯಯನದ ಪ್ರಕಾರ, ಎಸಿಎಲ್ ಆಪರೇಷನ್ ನಂತರ ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇ 51ರಷ್ಟು ಇಳಿಯುತ್ತದೆ. ಸ್ವೀಡನ್ನಿನ ಇನ್ನೊಂದು ಪ್ರಯೋಗ 2010ರದ್ದು. ಎಸಿಎಲ್ ಹರಿದ 121 ಯುವಜನರಲ್ಲಿ 59 ಮಂದಿಗೆ ಮೊದಲು ವ್ಯಾಯಾಮ, ಬೇಕಾದರಷ್ಟೇ ಆಮೇಲೆ ಆಪರೇಷನ್ ಎಂದರು. ಎರಡು ವರ್ಷದಲ್ಲಿ ಆಪರೇಷನ್ ಬೇಕಾದದ್ದು 23 ಮಂದಿಗೆ, ಐದು ವರ್ಷಕ್ಕೆ 30. ಅಂದರೆ ಸುಮಾರು ಅರ್ಧದಷ್ಟು ಜನ ಕತ್ತರಿ ಇಲ್ಲದೆಯೇ ನಿಭಾಯಿಸಿದರು. ಯಾರಿಗೆ ಆಪರೇಷನ್ ಬೇಕೆಂಬುದು ಡಾಕ್ಟರೇ ನೋಡಿ ಹೇಳಬೇಕಾದ ಮಾತು. ವ್ಯಾಯಾಮ ಮಾತ್ರ ಎರಡು ದಾರಿಯಲ್ಲೂ ತಪ್ಪದು.

ಮಕ್ಕಳ ಮಂಡಿ ನೋವೆಲ್ಲ ಎಸಿಎಲ್‌ನದಲ್ಲ. ಹನ್ನೆರಡು–ಹದಿಮೂರರ ಮಕ್ಕಳಿಗೆ ಮಂಡಿಯ ಕೆಳಗೆ ಗಂಟೆದ್ದು ನೋಯುವುದುಂಟು. 1903ರಲ್ಲಿ ಬಾಸ್ಟನ್ನಿನ ಆಸ್ಗುಡ್, ಜೂರಿಕ್‌ನ ಶ್ಲಾಟರ್ ಬೇರೆಬೇರೆಯಾಗಿ ವಿವರಿಸಿದ ತೊಂದರೆ ಇದು. ಬೆಳೆಯುವ ಮೂಳೆಯನ್ನು ತೊಡೆಸ್ನಾಯು ಎಳೆಯುವುದರಿಂದ ಬರುತ್ತದೆ, ಬೆಳವಣಿಗೆ ಮುಗಿದಂತೆ ಸಾಮಾನ್ಯವಾಗಿ ಹೋಗುತ್ತದೆ. ಅದಕ್ಕೆಂದು ಮಗುವನ್ನು ಆಟದಿಂದಲೇ ಬಿಡಿಸಿ ಕೂರಿಸಬೇಕಿಲ್ಲ. ಓಟ, ನೆಗೆತ ತಗ್ಗಿಸಿ, ತೊಡೆಗೆ ಬಲ ತುಂಬಿದರೆ ಸಾಕು.

ಶಾಲೆ, ಕಾಲೇಜಿನ ದೈಹಿಕ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಮಂಡಿಗೆ ಪೆಟ್ಟಾದ ಮಕ್ಕಳನ್ನು ಜಿಲ್ಲಾ ತಂಡಕ್ಕೆ ಆರಿಸುವ ಮುನ್ನ ‘ನೋವಿದೆಯಾ?’ ಎಂದಷ್ಟೇ ಕೇಳಿ ಬಿಡಬೇಡಿ. ಎರಡೂ ಕಾಲಿನ ಬಲವನ್ನು ಅಳೆಸಿದ ಫಿಸಿಯೊ ಚೀಟಿ ತರಿಸಿ, ಅದರಲ್ಲಿ ಪೆಟ್ಟಾದ ಕಾಲಿಗೆ ತೊಂಬತ್ತು ಪರ್ಸೆಂಟ್ ಕಾಣುವವರೆಗೆ ಅಂಕಣಕ್ಕೆ ಇಳಿಸಬೇಡಿ.