ಓಲಾ, ಸುಕಾ ಮತ್ತು ಉಳಿದದ್ದು: ಮಾಟುಂಗದ ಮನೆಕಸದ ಲೆಕ್ಕ

ನಮ್ಮ ಮಾಟುಂಗ ಹುಟ್ಟಿದ್ದೇ ಕೊಳಕು ಮತ್ತು ಕಾಯಿಲೆಯ ಭಯದಿಂದ ಎಂದರೆ ಅತಿಶಯೋಕ್ತಿಯಲ್ಲ. 1896ರಲ್ಲಿ ಮಾಂಡವಿಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಅರ್ಧ ಮುಂಬಯಿ ಗಂಟುಮೂಟೆ ಕಟ್ಟಿತ್ತು. ಆ ಆಘಾತದಿಂದ ಎಚ್ಚೆತ್ತ ಸರಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಊರಿನ ಉತ್ತರಕ್ಕೆ ದಾದರ್, ಮಾಟುಂಗ, ವಡಾಲ, ಸಯನ್ ಕಡೆ ಅಗಲ ರಸ್ತೆ, ಸಾಲುಮರ, ಉದ್ಯಾನಗಳುಳ್ಳ ಹೊಸ ಬಡಾವಣೆಗಳನ್ನು ಟ್ರಸ್ಟ್ ಯೋಜಿಸಿತು. ಕಟ್ಟಡ ಕಟ್ಟಡಗಳ ನಡುವೆ ಗಾಳಿ ಬೆಳಕಿಗೆ ಜಾಗ ಬಿಡಬೇಕೆಂಬ ನಿಯಮವೂ ಬಂತು. ಆಮೇಲೆ ನಮ್ಮವರು ಬಂದರು, ಉಡುಪಿ ಹೋಟೆಲುಗಳು ಬಂದವು, ಹೂವಿನ ಅಂಗಡಿ, ಬಾಳೆಲೆ ಅಂಗಡಿಗಳು ಬಂದವು.

ಗಾಳಿಗೆಂದು ಬಿಟ್ಟ ಆ ಜಾಗವನ್ನೇ ಇಂದು ಎಷ್ಟೋ ಹಳೆಯ ಕಟ್ಟಡಗಳ ಹಿಂಬದಿಯಲ್ಲಿ ಇಣುಕಿ ನೋಡಿ. ಕಿಟಕಿಯಿಂದ ಬಿದ್ದ ಹಾಲಿನ ತೊಟ್ಟೆ, ಬಾಡಿದ ಹೂಮಾಲೆ, ಚಿಪ್ಸ್ ಪಾಕೀಟು, ಒಡೆದ ಬಲ್ಬು ಎಲ್ಲವೂ ಇರುತ್ತದೆ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಇವು ಚರಂಡಿಯ ಬಾಯಿ ಮುಚ್ಚುತ್ತವೆ. ಗಾಂಧಿ ಮಾರ್ಕೆಟ್, ಕಿಂಗ್ಸ್ ಸರ್ಕಲ್ ಕಡೆ ನೀರು ನಿಂತಾಗ ನಾವು ಪಾಲಿಕೆಯನ್ನು ಬೈಯುತ್ತೇವೆ. ಜಾಗವೇ ತಗ್ಗಿನದು ಎಂಬುದೂ ನಿಜ, ಚರಂಡಿಯೊಳಗೆ ನಮ್ಮ ಮನೆಯ ತೊಟ್ಟೆ ಸಿಕ್ಕಿಕೊಂಡಿದೆ ಎಂಬುದೂ ನಿಜ.

ಕಸ ಹೋಗುವುದೆಲ್ಲಿಗೆ?

ಮುಂಬಯಿ ದಿನಕ್ಕೆ 6,000ದಿಂದ 7,000 ಟನ್ ಕಸ ಹೊರಹಾಕುತ್ತದೆ. ಹಿಂದೆ ಇದು ರೈಲಿನಲ್ಲಿ ಹೋಗುತ್ತಿತ್ತು. ಇಂದು ನಾವು ಹಾರ್ಬರ್ ಲೈನಿನಲ್ಲಿ ಕುಳಿತು ಹೋಗುವ ಕುರ್ಲಾ-ಚೆಂಬೂರ್ ಹಳಿ 1906ರಲ್ಲಿ ಹಾಕಿದ್ದೇ ಕಸದ ಗಾಡಿಗಳಿಗಾಗಿ. ಅದರಲ್ಲಿ ಪ್ರಯಾಣಿಕರು ಓಡಾಡಲು ಶುರುವಾದದ್ದು 1924ರಲ್ಲಿ. 1927ರಿಂದ ದೇವನಾರ್ ಊರಿನ ಕಸದ ಗುಡ್ಡವಾಯಿತು. 2016ರ ಜನವರಿಯಲ್ಲಿ ಆ ಗುಡ್ಡಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿದ್ದು ಹಲವರಿಗೆ ನೆನಪಿರಬಹುದು. ಅಲ್ಲಿರುವ ಸುಮಾರು 185 ಲಕ್ಷ ಟನ್ ಹಳೆಯ ಕಸವನ್ನು ತೆಗೆಸಲು ಪಾಲಿಕೆ 2025ರಲ್ಲಿ ಟೆಂಡರ್ ಕರೆಯಿತು. ಮುಲುಂಡಿನ ಗುಡ್ಡ 2018ರಲ್ಲಿ ಮುಚ್ಚಿತು. ಈಗ ಊರಿನ ಕಸದ ಬಹುಪಾಲು ಹೋಗುವುದು ಕಾಂಜೂರ್‌ಮಾರ್ಗಕ್ಕೆ. ಆ ಜಾಗ ಸಂರಕ್ಷಿತ ಅರಣ್ಯವೆಂದು 2025ರ ಮೇ ತಿಂಗಳಲ್ಲಿ ಮುಂಬಯಿ ಹೈಕೋರ್ಟ್ ತೀರ್ಪು ಕೊಟ್ಟಿತು, ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಅಂದರೆ ಇಡೀ ಊರಿನ ಕಸ ಒಂದು ತಡೆಯಾಜ್ಞೆಯ ಮೇಲೆ ನಿಂತಿದೆ.

ಇದು ಮುಂಬಯಿಯೊಂದರ ಕಥೆಯಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರದ ಮನೆ, ಅಡಿಕೆ ತೆಂಗಿನ ತೋಟಗಳ ಮೇಲೆ ಹರಿದು ಬಂತು. ಮಾಟುಂಗದಲ್ಲಿರುವ ನಮ್ಮಲ್ಲಿ ಹೆಚ್ಚಿನವರ ಮೂಲ ಕರಾವಳಿ. ತಲೆಮಾರುಗಳಿಂದ ಬೆಳೆಸಿದ ತೋಟ ಬೇರೆಯವರ ಮನೆಯ ಕಸದಡಿ ಹೂತುಹೋಗುವುದೆಂದರೇನು ಎಂದು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಕಸ ಹೊತ್ತ ಮಂಡೂರಿನ ಜನ ಬೀದಿಗಿಳಿದು 2014ರಲ್ಲಿ ಲಾರಿಗಳನ್ನು ನಿಲ್ಲಿಸಿದ್ದೂ ಇದೇ ಸಂಕಟಕ್ಕೆ.

ನಿಯಮ ಹೇಳುವುದೇನು?

ಹಸಿ ಮತ್ತು ಒಣ ಕಸವನ್ನು ಬೇರೆ ಮಾಡಬೇಕೆಂಬ ಮಾತು 2000ದ ನಿಯಮಗಳಿಂದಲೂ ಇದೆ. 2016ರ ನಿಯಮಗಳು ಅದನ್ನು ಮೂರಾಗಿಸಿದವು. ಈ ವರ್ಷ, 2026ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದಿರುವ ಹೊಸ ನಿಯಮಗಳ ಪ್ರಕಾರ ಮನೆಯಲ್ಲೇ ನಾಲ್ಕು ಭಾಗ ಮಾಡಬೇಕು: ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಕಾಳಜಿಯ ಕಸ. ನಾಲ್ಕು ಎಂದ ಕೂಡಲೇ ಗಾಬರಿಯಾಗಬೇಡಿ. ದಿನವೂ ಬೇಕಾದದ್ದು ಎರಡು ಬಕೆಟ್ ಮತ್ತು ಒಂದು ಸಣ್ಣ ಪೊಟ್ಟಣ. ನಾಲ್ಕನೆಯದಕ್ಕೆ ಹಳೆಯ ಡಬ್ಬವೊಂದು ತಿಂಗಳುಗಟ್ಟಲೆ ಸಾಕು.

ಓಲಾ ಕಚರಾ, ಅಂದರೆ ಹಸಿ ಕಸ: ತರಕಾರಿ ಸಿಪ್ಪೆ, ಉಳಿದ ಅನ್ನ, ಕಾಫಿ ಚರಟ, ಮೀನಿನ ಮುಳ್ಳು, ಮೊಟ್ಟೆಯ ಚಿಪ್ಪು, ಬಾಳೆಲೆ, ದೇವರ ಹೂವು. ಹೂಮಾಲೆಯಾದರೆ ದಾರ ಮತ್ತು ಜರಿಯ ತುಂಡು ಕಿತ್ತು ಹಾಕಿ. ಬಾಳೆಲೆಯನ್ನು ಸಣ್ಣದಾಗಿ ಹರಿದರೆ ಬೇಗ ಕೊಳೆಯುತ್ತದೆ. ತೆಂಗಿನ ಚಿಪ್ಪು ಮತ್ತು ಸಿಪ್ಪೆ ಹಸಿ ಕಸವೇ ಆದರೂ ಕೊಳೆಯಲು ಬಹಳ ಕಾಲ ಬೇಕು, ಗೊಬ್ಬರದ ತೊಟ್ಟಿಗೆ ಅವು ಬೇಡ. ಇದನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಕೊಟ್ಟರೆ ಬೇರೆ ಮಾಡಿಯೂ ಮಾಡದಂತೆ. ಬಕೆಟ್ಟಿಗೆ ಹಳೆಯ ಪತ್ರಿಕೆಯ ಹಾಳೆ ಹಾಸಿದರೆ ಸಾಕು.

ಸುಕಾ ಕಚರಾ, ಅಂದರೆ ಒಣ ಕಸ: ಕಾಗದ, ರಟ್ಟು, ಪ್ಲಾಸ್ಟಿಕ್, ಡಬ್ಬ, ಗಾಜು, ಬಟ್ಟೆ. ಹಾಲಿನ ತೊಟ್ಟೆ, ಸಾಂಬಾರಿನ ಪಾರ್ಸೆಲ್ ಡಬ್ಬ ಇವನ್ನು ಒಮ್ಮೆ ತೊಳೆದು ಒಣಗಿಸಿ. ಪಾತ್ರೆ ತೊಳೆದ ಕೊನೆಯ ನೀರೇ ಇದಕ್ಕೆ ಸಾಕು. ಹಾಲಿನ ತೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ, ತುಂಡು ಅಂಟಿಕೊಂಡೇ ಇರುವಂತೆ ಸೀಳಿ. ಆ ಚಿಕ್ಕ ತ್ರಿಕೋನವನ್ನು ಯಾರೂ ಹೆಕ್ಕುವುದಿಲ್ಲ, ಅದು ನೇರ ಚರಂಡಿಗೆ.

ಸ್ಯಾನಿಟರಿ ಕಸ: ಪ್ಯಾಡ್, ಡಯಾಪರ್, ಗಾಯದ ಬ್ಯಾಂಡೇಜು. ಕಾಗದದಲ್ಲಿ ಸುತ್ತಿ, ಗುರುತು ಕಾಣುವಂತೆ ಬೇರೆಯಾಗಿ ಕೊಡಬೇಕು. ಮುಂಬಯಿ ಪಾಲಿಕೆ 2025ರಲ್ಲಿ ಇದಕ್ಕೇ ಪ್ರತ್ಯೇಕ ಸಂಗ್ರಹ ಸೇವೆ ಆರಂಭಿಸಿದೆ. ಸೊಸೈಟಿಯ ಹೆಸರನ್ನು ನೋಂದಾಯಿಸಿಕೊಳ್ಳಬೇಕು. ಹಾಸಿಗೆ ಹಿಡಿದ ಹಿರಿಯರೋ ಎಳೆಯ ಮಗುವೋ ಇರುವ ಮನೆಗಳಿಗೆ ಇದು ದೊಡ್ಡ ಉಪಕಾರ.

ವಿಶೇಷ ಕಾಳಜಿಯದು: ಅವಧಿ ಮುಗಿದ ಮಾತ್ರೆ, ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬು, ಪಾದರಸದ ಥರ್ಮಾಮೀಟರ್, ಬಣ್ಣದ ಡಬ್ಬ, ಜಿರಳೆ ಔಷಧಿ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಸೂಜಿಯನ್ನು ಗಟ್ಟಿ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದು ಇಡಿ.

ಕೈ ಹಾಕುವವರು ಯಾರು?

"ನಾವು ಎಷ್ಟು ಬೇರೆ ಮಾಡಿದರೇನು, ಕೆಳಗೆ ಹೋದ ಮೇಲೆ ಎಲ್ಲ ಒಂದೇ ತಾನೆ?" ನಮ್ಮ ಸೊಸೈಟಿಯ ಸಭೆಯಲ್ಲಿ ಪ್ರತಿ ಸಲವೂ ಏಳುವ ಪ್ರಶ್ನೆ ಇದು. ಕಮಿಟಿಯಲ್ಲಿರುವ ನನಗೆ ಇದಕ್ಕೆ ಉತ್ತರ ಕೊಟ್ಟದ್ದು ನಮ್ಮ ಮೆಟ್ಟಿಲು ಗುಡಿಸಿ ಕಸ ಇಳಿಸುವ ಮಾವಶಿ. ಒಂದು ಬೆಳಿಗ್ಗೆ ಅವರ ಅಂಗೈಗೆ ಬಟ್ಟೆ ಸುತ್ತಿತ್ತು. ಯಾರದೋ ಮನೆಯ ಅನ್ನದ ಚೀಲದೊಳಗೆ ಒಡೆದ ಲೋಟ ಇತ್ತಂತೆ. ಎರಡನೇ ಮಹಡಿಯ ಮಾಮಿ ಅರಸಿನ ಹಚ್ಚಿ, ಡಾಕ್ಟರ ಹತ್ತಿರ ಕಳಿಸಿ ಇಂಜೆಕ್ಷನ್ ಕೊಡಿಸಿದ್ದರು. ಮಾವಶಿ ಯಾರನ್ನೂ ದೂರಲಿಲ್ಲ. "ಕಾಚ್ ವೇಗಳೀ ಠೇವಾ," ಗಾಜು ಬೇರೆ ಇಡಿ, ಎಂದರು ಅಷ್ಟೇ. ಮರುದಿನ ಅದೇ ಕೈಯಲ್ಲಿ ಮತ್ತೆ ಬಕೆಟ್ ಎತ್ತಿದರು. ಒಂದು ದಿನ ಬಿಟ್ಟರೆ ಒಂದು ದಿನದ ಸಂಬಳ ಹೋಗುತ್ತದೆ.

ಲಾರಿಯಲ್ಲಿ ಏನಾಗುತ್ತದೆ ಎಂಬುದು ಆಮೇಲಿನ ಮಾತು. ಅದಕ್ಕೆ ಮೊದಲು ನಮ್ಮ ಕಸದೊಳಗೆ ಮನುಷ್ಯರೊಬ್ಬರ ಕೈ ಹೋಗುತ್ತದೆ. ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ "ಕಾಚ್" ಎಂದು ಬರೆದು ಕೊಡುವುದಕ್ಕೆ ಅರ್ಧ ನಿಮಿಷ ಸಾಕು. ಈಗ ನಮ್ಮ ಕಟ್ಟಡದ ಕೆಳಗೆ ಗಾಜಿಗೆಂದೇ ಒಂದು ಹಳೆಯ ಎಣ್ಣೆ ಡಬ್ಬ ಇಟ್ಟಿದ್ದೇವೆ, ಮಾವಶಿಗೆ ರಬ್ಬರ್ ಗ್ಲೌಸ್ ಕೊಟ್ಟಿದ್ದೇವೆ.

ನಮ್ಮ ಐಟಿ ಕೆಲಸದಲ್ಲೂ ಇದೇ ಲೆಕ್ಕ. ತಪ್ಪನ್ನು ಹುಟ್ಟಿದ ಜಾಗದಲ್ಲೇ ಹಿಡಿದರೆ ನಿಮಿಷದ ಕೆಲಸ. ಗ್ರಾಹಕರ ಬಳಿ ಹೋದ ಮೇಲೆ ಹಿಡಿದರೆ ಹತ್ತು ಜನರ ರಾತ್ರಿ ನಿದ್ದೆ ಹಾಳು. ಸಾಂಬಾರು ಮೆತ್ತಿದ ರಟ್ಟನ್ನು ಯಾವ ಯಂತ್ರವೂ ಮತ್ತೆ ಶುದ್ಧ ರಟ್ಟು ಮಾಡಲಾರದು.

ಭಂಗಾರ್‌ವಾಲಾನ ವಿದ್ಯೆ

ಒಣ ಕಸದ ವಿಷಯದಲ್ಲಿ ಮಾಟುಂಗದವರು ಅದೃಷ್ಟವಂತರು. ರೈಲು ಹಳಿ ದಾಟಿದರೆ ಧಾರಾವಿ. ಅಲ್ಲಿಯ 13 ಕಂಪೌಂಡಿನಲ್ಲಿ ಪ್ಲಾಸ್ಟಿಕ್ಕನ್ನು ಬಣ್ಣ, ಜಾತಿ, ದಪ್ಪ ನೋಡಿ ವಿಂಗಡಿಸಿ, ತೊಳೆದು, ಪುಡಿ ಮಾಡಿ, ಕರಗಿಸಿ, ಮತ್ತೆ ಕಾಳಿನ ರೂಪಕ್ಕೆ ತರುತ್ತಾರೆ. ನಮ್ಮ ಬೀದಿಯ ರದ್ದಿವಾಲಾ, ಭಂಗಾರ್‌ವಾಲಾರಿಗೆ ಮಾರಿದ ಶ್ಯಾಂಪೂ ಬಾಟಲಿ ಹೋಗುವುದು ಇಂಥ ಕಡೆಗೇ. ಇದಕ್ಕೆ ಯಾವ ಲಾರಿಯನ್ನೂ ಕಾಯಬೇಕಿಲ್ಲ. ಭಂಗಾರ್‌ವಾಲಾ ಮುಟ್ಟದ್ದು ಥರ್ಮೋಕೋಲ್ ಮತ್ತು ಒಳಗೆ ಬೆಳ್ಳಿ ಬಣ್ಣವಿರುವ ಚಿಪ್ಸ್ ಪಾಕೀಟು. ಪದರ ಪದರವಾಗಿ ಅಂಟಿಸಿದ ಪಾಕೀಟನ್ನು ಬಿಡಿಸುವ ಖರ್ಚಿಗೆ ತಕ್ಕ ಬೆಲೆ ಸಿಗುವುದಿಲ್ಲ. ಅವನು ಬೇಡ ಎಂದದ್ದನ್ನು ಮುಂದಿನ ಸಲ ಕಡಿಮೆ ಕೊಳ್ಳುವುದೊಂದೇ ದಾರಿ.

ಕಸ ಹೆಕ್ಕುವ ಹೆಂಗಸರನ್ನು ಸ್ತ್ರೀ ಮುಕ್ತಿ ಸಂಘಟನಾ ತನ್ನ 'ಪರಿಸರ ವಿಕಾಸ' ಕಾರ್ಯಕ್ರಮದ ಮೂಲಕ ಒಗ್ಗೂಡಿಸಿ, ಸೊಸೈಟಿಗಳ ಒಣ ಕಸ ವಿಂಗಡಣೆ, ಗೊಬ್ಬರ ತಯಾರಿಕೆಯ ಕೆಲಸಕ್ಕೆ ತರಬೇತಿ ಕೊಡುತ್ತ ಬಂದಿದೆ. ಬೆಂಗಳೂರಿನಲ್ಲಿ ಹಸಿರು ದಳ ಮಾಡುತ್ತಿರುವುದೂ ಇಂಥದೇ ಕೆಲಸ. ಅಲ್ಲಿಯ ಹಲವು ವಾರ್ಡ್‌ಗಳ ಒಣ ಕಸ ಕೇಂದ್ರಗಳನ್ನು ಹಿಂದೆ ಕಸ ಹೆಕ್ಕುತ್ತಿದ್ದವರೇ ನಡೆಸುತ್ತಾರೆ.

ಹಳೆಯ ಮೊಬೈಲ್, ಚಾರ್ಜರ್, ಲ್ಯಾಪ್‌ಟಾಪುಗಳನ್ನು ಮಾತ್ರ ಭಂಗಾರಕ್ಕೆ ಹಾಕಬೇಡಿ. ತಾಮ್ರಕ್ಕಾಗಿ ವಯರು ಸುಡುವಾಗ ಏಳುವ ಹೊಗೆ ಸುಡುವವನ ಎದೆಗೇ ಹೋಗುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ, ಇಲ್ಲವೇ ಅಧಿಕೃತ ಸಂಗ್ರಾಹಕರಿಗೆ ಕೊಡಿ. ಕೊಡುವ ಮೊದಲು ಅದರಲ್ಲಿರುವ ಎಲ್ಲ ಖಾತೆಗಳಿಂದ ಹೊರಬಂದು, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ ತೆಗೆದಿಟ್ಟುಕೊಳ್ಳಿ. ಉಬ್ಬಿದ ಬ್ಯಾಟರಿಯನ್ನು ಕಸದ ಬಕೆಟ್ಟಿಗೆ ಹಾಕಲೇಬೇಡಿ, ಲಾರಿಯಲ್ಲಿ ಒತ್ತಿದಾಗ ಬೆಂಕಿ ಹತ್ತಬಹುದು.

ಹೊಸ ಕಟ್ಟಡ, ಹೊಸ ಹೊಣೆ

ಮಾಟುಂಗದಲ್ಲೀಗ ಎಲ್ಲಿ ನೋಡಿದರೂ ರೀಡೆವಲಪ್‌ಮೆಂಟ್. ಮೂರು ಮಹಡಿಯ ಕಟ್ಟಡ ಬಿದ್ದು ಗೋಪುರ ಏಳುತ್ತಿದೆ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಬರುವ ಸೊಸೈಟಿಗಳು ತಮ್ಮ ಹಸಿ ಕಸವನ್ನು ತಮ್ಮ ಆವರಣದಲ್ಲೇ ಗೊಬ್ಬರವಾಗಿಸಬೇಕೆಂದು ಪಾಲಿಕೆ 2017ರಲ್ಲೇ ಪಟ್ಟು ಹಿಡಿದಿತ್ತು. ಹೊಸ ನಿಯಮಗಳಲ್ಲೂ ದೊಡ್ಡ ಸೊಸೈಟಿಗಳ ಮೇಲೆ ಈ ಹೊಣೆ ಇದೆ. ನಮ್ಮ ಚಿಕ್ಕ ಕಟ್ಟಡಗಳು ಇಂದು ಈ ಲೆಕ್ಕಕ್ಕೆ ಬರುವುದಿಲ್ಲ. ನಾಳೆ ಗೋಪುರವಾದಾಗ ಬರುತ್ತವೆ.

ಬಿಲ್ಡರ್ ಜತೆ ಮಾತಿಗೆ ಕುಳಿತಾಗ ನಾವೆಲ್ಲ ಕೇಳುವುದು ಕಾರ್ಪೆಟ್ ಏರಿಯಾ, ಕಾರ್ಪಸ್ ಫಂಡ್, ಪಾರ್ಕಿಂಗ್. ಗೊಬ್ಬರದ ತೊಟ್ಟಿ ಎಲ್ಲಿ, ಒಣ ಕಸ ವಿಂಗಡಿಸುವ ಕೋಣೆ ಎಲ್ಲಿ, ಅದಕ್ಕೆ ಗಾಳಿ, ನೀರು, ವಿದ್ಯುತ್ ಇದೆಯೇ, ಕೆಲಸದವರು ಕೈ ತೊಳೆಯಲು ನಲ್ಲಿ ಇದೆಯೇ ಎಂಬುದನ್ನೂ ಕೇಳಬೇಕು, ಒಪ್ಪಂದದಲ್ಲಿ ಬರೆಸಬೇಕು. ಬೀಗದ ಕೈ ಸಿಕ್ಕಿದ ಮೇಲೆ ಪಾರ್ಕಿಂಗ್ ಜಾಗ ಬಿಟ್ಟುಕೊಡಿ ಎಂದರೆ ಯಾರೂ ಕೇಳುವುದಿಲ್ಲ. ನಮ್ಮ ಸೊಸೈಟಿಯ ಬೇಡಿಕೆಪಟ್ಟಿಯಲ್ಲಿ ಈ ಸಾಲು ಸೇರಿಸಲು ಎರಡು ಸಭೆ ಬೇಕಾಯಿತು. ಪಟ್ಟಿ ಈಗ ಬಿಲ್ಡರ್ ಬಳಿ ಇದೆ, ಉತ್ತರ ಇನ್ನೂ ಬಂದಿಲ್ಲ.

ಮಾಟುಂಗ ಪೂರ್ವದವರು ಎಫ್ ಉತ್ತರ ವಾರ್ಡಿಗೆ ಸೇರುತ್ತಾರೆ. ಕಚೇರಿ ಭಾವು ದಾಜಿ ರಸ್ತೆಯಲ್ಲಿದೆ, ನಮ್ಮ ಮೈಸೂರು ಅಸೋಸಿಯೇಷನ್ ಇರುವ ರಸ್ತೆಯಲ್ಲೇ. ನಾಟಕ, ಸಂಗೀತಕ್ಕೆ ಹೋಗುವ ದಾರಿಯಲ್ಲಿ ಒಮ್ಮೆ ಬೇಗ ಹೊರಟು ಒಣ ಕಸದ ಗಾಡಿಯ ವೇಳೆ, ಸ್ಯಾನಿಟರಿ ಕಸದ ನೋಂದಣಿಯ ಬಗ್ಗೆ ವಿಚಾರಿಸಿ ಬನ್ನಿ. ಪಾಲಿಕೆಯ 1916 ಸಂಖ್ಯೆಗೆ ಕರೆ ಮಾಡಿಯೂ ದೂರು ಕೊಡಬಹುದು. ಬೆಂಗಳೂರು, ಪುಣೆ, ಚೆನ್ನೈ, ದೆಹಲಿಯ ಓದುಗರೇ, ನಿಮ್ಮ ಸೊಸೈಟಿಯಲ್ಲಿ ಇದಕ್ಕಿಂತ ಚೆನ್ನಾಗಿ ನಡೆಯುವ ಪದ್ಧತಿ ಇದ್ದರೆ ಪತ್ರಿಕೆಗೆ ಬರೆಯಿರಿ. ಚೌತಿ ಬರುವುದರೊಳಗೆ, ರಾಶಿ ರಾಶಿ ಹೂವು, ಬಾಳೆಲೆ ಸೇರುವ ಮುನ್ನ, ನಮಗೆ ಅದು ಬೇಕಾಗಿದೆ.