ಹಿಮದೇಶದ ಒಲೆ

ನಮ್ಮ ಸೀಮೆಯಲ್ಲಿ ಚಳಿಯೆಂದರೆ ಮಾರ್ಗಶಿರ ಪುಷ್ಯ ಮಾಸಗಳ ನಾಲ್ಕು ದಿನದ ಮಾತು. ಬೆಳಗಿನ ಜಾವ ಕಂಬಳಿ ಹೊದೆದು ಬಚ್ಚಲೊಲೆಯ ಮುಂದೆ ಒಂದು ಗಳಿಗೆ ಕುಳಿತರೆ ಅದರ ಹಾವಳಿ ಮುಗಿಯುವುದು. ಒಲೆಯು ನಮಗೆ ಅನ್ನ ಬೇಯಿಸುವ, ನೀರು ಕಾಯಿಸುವ ಸಾಧನ; ಪ್ರಾಣವನ್ನು ಕಾಯುವ ಸಾಧನವೆಂದು ನಾವಾರೂ ಅದನ್ನು ಎಣಿಸುವುದಿಲ್ಲ. ಆದರೆ ಭೂಮಂಡಲದ ಉತ್ತರಭಾಗದಲ್ಲಿ, ಒಲೆ ಆರಿದ ಮನೆಯಲ್ಲಿ ಒಂದು ರಾತ್ರಿಯನ್ನು ಕಳೆಯುವುದೂ ದುಸ್ಸಾಧ್ಯವಾದ ನಾಡುಗಳುಂಟು. ಸೈಬೀರಿಯಾದ ವೆರ್ಖೋಯಾನ್ಸ್ಕ್ ಎಂಬ ಊರಿನಲ್ಲಿ 1892ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಶೀತವು ಸೊನ್ನೆಯಿಂದ ಕೆಳಗೆ 67.8 ಸೆಂಟಿಗ್ರೇಡ್ ಡಿಗ್ರಿಗೆ ಇಳಿದಿತ್ತು. ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದು. ಉಷ್ಣಮಾಪಕದೊಳಗಿನ ಪಾದರಸವೂ ಸೊನ್ನೆಯಿಂದ ಕೆಳಗೆ ಸುಮಾರು 39 ಡಿಗ್ರಿಯಲ್ಲಿ ಕಲ್ಲಾಗುವುದು. ಇದನ್ನು ನೆನೆದರೆ ಆ ಶೀತದ ಉಗ್ರತೆಯು ಮನಸ್ಸಿಗೆ ಬಂದೀತು.

ಇಂತಹ ನಾಡಿನ ಜನರು ಶತಮಾನಗಳಿಂದ ಸೌದೆಯ ಒಲೆಯನ್ನು ನಂಬಿ ಬಾಳಿರುವರು. ಅಲ್ಲಿನ ನಗರಗಳಲ್ಲಿ ಈಗ ಕೊಳವೆಗಳಲ್ಲಿ ಬಿಸಿನೀರನ್ನು ಹರಿಸಿ ಮನೆಗಳನ್ನು ಬೆಚ್ಚಗಿಡುವ ಏರ್ಪಾಡುಂಟು. ಆದರೂ ಹಳ್ಳಿಗಳಲ್ಲಿ ಅನೇಕರು ಇಂದಿಗೂ ಸೌದೆಯನ್ನೇ ಆಶ್ರಯಿಸಿದ್ದಾರೆ. ಅವರ ಅನುಭವದ ಸಾರವನ್ನು ನಾವು ಇಲ್ಲಿ ವಾಚಕರ ಮುಂದಿಡುವೆವು. ಎಲ್ಲಿ ಮಿತವ್ಯಯವು ಗುಣ, ಎಲ್ಲಿ ಅದು ಪ್ರಾಣಘಾತಕ ಎಂಬ ವಿವೇಕವು ಅದರಲ್ಲಿ ಅಡಗಿದೆ.

ಮನೆಯನ್ನು ಕಾಯಿಸುವ ಸೌದೆಯ ಒಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕಬ್ಬಿಣದ್ದು. ಗೋಡೆಯಲ್ಲಿ ತೆರೆದಿರುವ ಅಗ್ಗಿಷ್ಟಿಕೆಯಲ್ಲಿ ಹೆಚ್ಚಿನ ಶಾಖವೆಲ್ಲ ಹೊಗೆಯೊಡನೆ ಆಕಾಶದ ಪಾಲಾಗುವುದನ್ನು ಕಂಡು, ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯನು ಕಬ್ಬಿಣದ ತಗಡುಗಳ ಒಲೆಯೊಂದನ್ನು ಕಲ್ಪಿಸಿ, 1744ರಲ್ಲಿ ಅದನ್ನು ವಿವರಿಸುವ ಪುಸ್ತಿಕೆಯನ್ನು ಪ್ರಕಟಿಸಿದನು. ಅಲ್ಲಿಂದೀಚೆಗೆ ಕಬ್ಬಿಣದ ಒಲೆಗಳು ಬಹಳವಾಗಿ ಸುಧಾರಿಸಿವೆ. ಇವು ಬೇಗನೆ ಕಾಯುವುವು. ಆದರೆ ಬೆಂಕಿ ತಗ್ಗಿದೊಡನೆ ಬೇಗನೆ ತಣ್ಣಗಾಗುವುವು. ಆದುದರಿಂದ ಮನೆಯವರು ರಾತ್ರಿಯಲ್ಲಿ ಎದ್ದೆದ್ದು ಸೌದೆ ಹಾಕಬೇಕಾಗುವುದು.

ಎರಡನೆಯದು ಇಟ್ಟಿಗೆಯ ಒಲೆ. ರಷ್ಯಾ ದೇಶದ ಹಳ್ಳಿಮನೆಯಲ್ಲಿ ಇದು ಒಂದು ಸಣ್ಣ ಕೊಠಡಿಯಷ್ಟು ಜಾಗವನ್ನು ಆಕ್ರಮಿಸುವುದು. ಇದರೊಳಗೆ ದಿನಕ್ಕೊಂದು ಬಾರಿ, ಕಡುಚಳಿಯಲ್ಲಿ ಎರಡು ಬಾರಿ, ಒಣಸೌದೆಯನ್ನು ಧಗಧಗನೆ ಉರಿಸಿ ಮುಗಿಸಿಬಿಡುವರು. ಆ ಶಾಖವನ್ನು ಇಟ್ಟಿಗೆಯ ರಾಶಿಯು ನುಂಗಿಕೊಂಡು, ಬೆಂಕಿ ಆರಿದ ಮೇಲೆಯೂ ಬಹು ಹೊತ್ತಿನವರೆಗೆ ಮೆಲ್ಲಮೆಲ್ಲನೆ ಮನೆಗೆ ಬಿಡುತ್ತಿರುವುದು. ಅದರಲ್ಲೇ ರೊಟ್ಟಿ ಬೇಯುವುದು. ಅದರ ಮೇಲಿನ ಜಗಲಿಯ ಮೇಲೆ ಮುದುಕರೂ ಮಕ್ಕಳೂ ಮಲಗುವರು.

ಸ್ವೀಡನ್ ದೇಶದಲ್ಲಿ ಸೌದೆಯ ಅಭಾವದ ಚಿಂತೆ ಹುಟ್ಟಿದಾಗ, 1767ರಲ್ಲಿ ಕ್ರೂನ್‌ಸ್ಟೆಟ್ ಮತ್ತು ವ್ರೇಡೆ ಎಂಬಿಬ್ಬರು ಇಟ್ಟಿಗೆಯ ಒಲೆಯನ್ನು ಇನ್ನಷ್ಟು ತಿದ್ದಿದರು. ಹೊಗೆಯು ನೆಟ್ಟಗೆ ಮೇಲೇರಿ ಹೋಗದಂತೆ, ಒಲೆಯ ಒಡಲಿನಲ್ಲೇ ಅದನ್ನು ಅನೇಕ ಓಣಿಗಳಲ್ಲಿ ಮೇಲಕ್ಕೂ ಕೆಳಕ್ಕೂ ಸುತ್ತಾಡಿಸಿ, ಅದರ ಶಾಖವನ್ನೆಲ್ಲ ಕಸಿದುಕೊಂಡು ಹೊರಕ್ಕೆ ಬಿಡುವ ಉಪಾಯವನ್ನು ಅವರು ಕಂಡರು. ಇವರು ಬೆಂಕಿಯನ್ನು ಕುಗ್ಗಿಸಲಿಲ್ಲ, ಅದರ ಉಸಿರನ್ನೂ ಕಟ್ಟಲಿಲ್ಲ; ಹುಟ್ಟಿದ ಶಾಖವು ವ್ಯರ್ಥವಾಗದಂತೆ ಮಾತ್ರ ನೋಡಿಕೊಂಡರು. ಇದೇ ನಿಜವಾದ ಮಿತವ್ಯಯ.

ಮಿತವ್ಯಯದ ಎರಡನೆಯ ಸ್ಥಾನ ಸೌದೆಯ ಅಟ್ಟಣೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧಪಾಲು ನೀರೇ ಇರುವುದು. ಹಸಿಸೌದೆಯನ್ನು ಉರಿಸುವವನು ಮೊದಲು ಆ ನೀರನ್ನು ಕುದಿಸಿ ಆವಿ ಮಾಡಲು ಶಾಖವನ್ನು ವ್ಯಯಿಸಬೇಕು. ಚೆನ್ನಾಗಿ ಆರಿದ ಒಂದು ಕಿಲೋಗ್ರಾಂ ಸೌದೆಯು ಸುಮಾರು 3,500 ಕಿಲೋ ಕ್ಯಾಲೊರಿ ಶಾಖವನ್ನು ಕೊಟ್ಟರೆ, ಅಷ್ಟೇ ತೂಕದ ಹಸಿಸೌದೆಯು ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಾಗಿ ಕೊಡುವುದು. ಆದುದರಿಂದ ಬಲ್ಲ ಗೃಹಸ್ಥನು ಮುಂದಿನ ಚಳಿಗಾಲದ ಸೌದೆಯನ್ನು ವಸಂತಕ್ಕೆ ಮುಂಚೆಯೇ ಕಡಿದು, ಸೀಳಿ, ಮೇಲೆ ಮಾಡು ಹಾಕಿ, ಪಕ್ಕಗಳಲ್ಲಿ ಗಾಳಿಯಾಡುವಂತೆ ಅಟ್ಟಿಡುವನು. ಗಟ್ಟಿಮರವಾದರೆ ಎರಡು ಬೇಸಗೆ ಕಾಯುವುದೂ ಉಂಟು. ನೂರಕ್ಕೆ 20 ಪಾಲಿಗಿಂತ ಕಡಮೆ ನೀರುಳ್ಳ ಸೌದೆಯು ಉರಿಸಲು ಯೋಗ್ಯವೆನ್ನುವರು. ಆರಿದ ತುಂಡುಗಳೆರಡನ್ನು ಒಂದಕ್ಕೊಂದು ತಾಕಿಸಿದರೆ ಠಣ್ ಎಂಬ ನಾದ ಬರುವುದು. ಹಸಿಯಾದರೆ ಮಂಕು ಸದ್ದು.

ಇನ್ನು ಮಿತವ್ಯಯವು ಸಲ್ಲದ ಸ್ಥಾನವನ್ನು ಹೇಳುವೆವು. ಅದು ಬೆಂಕಿಗೆ ಬೇಕಾದ ಗಾಳಿ. ಹೊರಗೆ ಹಿಮವು ಸುರಿಯುತ್ತಿರುವಾಗ, ಸೌದೆಯ ರಾಶಿಯು ದಿನದಿನಕ್ಕೆ ಕರಗುತ್ತಿರುವಾಗ, ಗಾಳಿಯ ಕಿಂಡಿಯನ್ನು ಕಿರಿದು ಮಾಡಿ ಬೆಂಕಿಯನ್ನು ಬೆಳಗಿನವರೆಗೆ ಹೊಗೆಯಾಡಿಸಿ ಇಡೋಣವೆಂಬ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ಆದರೆ ಹಾಗೆ ಉಸಿರುಕಟ್ಟಿದ ಬೆಂಕಿಯು ಪೂರ್ತಿಯಾಗಿ ಉರಿಯದು. ಉರಿಯದೆ ಉಳಿದ ಹೊಗೆಯು ತಣ್ಣನೆಯ ಹೊಗೆಗೂಡಿನ ಒಳಮೈಗೆ ಕೀಲಿನಂತೆ ಅಂಟಿ ಗಟ್ಟಿಯಾಗುವುದು. ಮುಂದೊಂದು ದಿನ ಜೋರಾದ ಬೆಂಕಿ ಹಾಕಿದಾಗ ಆ ಕೀಲಿಗೇ ಕಿಡಿ ತಗಲಿ, ಹೊಗೆಗೂಡು ಸಾವಿರ ಡಿಗ್ರಿಗೂ ಮಿಕ್ಕ ಶಾಖದಿಂದ ಹೊತ್ತಿ ಉರಿದು, ಮಾಡನ್ನೂ ಮನೆಯನ್ನೂ ಸುಡಬಹುದು. ವರ್ಷಕ್ಕೊಮ್ಮೆಯಾದರೂ ಹೊಗೆಗೂಡನ್ನು ಗುಡಿಸಿಸಬೇಕೆಂಬ ಕಟ್ಟಳೆಯು ಹುಟ್ಟಿದ್ದು ಇದರಿಂದಲೇ.

ಇದಕ್ಕಿಂತಲೂ ಭಯಂಕರವಾದುದು ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಒಂದು ವಿಷವಾಯು. ಗಾಳಿ ಸಾಲದ ಬೆಂಕಿಯಿಂದ ಹುಟ್ಟುವ ಇದಕ್ಕೆ ಕಾರ್ಬನ್ ಮಾನಾಕ್ಸೈಡ್ ಎಂದು ಹೆಸರು. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಕೆಂಪು ದ್ರವ್ಯಕ್ಕೆ ಇದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದು. ಮೊದಲು ತಲೆನೋವು, ಬಳಿಕ ವಾಕರಿಕೆ, ಬಳಿಕ ಮಂಪರು. ನಿದ್ರಿಸುತ್ತಿರುವವನಿಗೆ ಈ ಯಾವ ಸೂಚನೆಯೂ ತಿಳಿಯದೆ ಮರಣವು ಬರುವುದು. ಫ್ರಾನ್ಸ್ ದೇಶದ ಪ್ರಖ್ಯಾತ ಕಾದಂಬರಿಕಾರನಾದ ಎಮಿಲ್ ಜೋಲಾ 1902ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಹೀಗೆಯೇ ಮೃತನಾದನು. ಮಲಗುವ ಕೋಣೆಯ ಅಗ್ಗಿಷ್ಟಿಕೆಯ ಹೊಗೆಗೂಡು ಕಟ್ಟಿಕೊಂಡಿತ್ತು. ಆತನ ಪತ್ನಿಯು ಮಾತ್ರ ಬದುಕಿ ಉಳಿದಳು.

ರಷ್ಯಾದ ಹಳ್ಳಿಗಳಲ್ಲಿ ಈ ಅಪಾಯವನ್ನು ಹಿಂದಿನಿಂದಲೂ ಬಲ್ಲರು. ಬೆಂಕಿ ಉರಿದು ಮುಗಿದ ಮೇಲೆ, ಬಿಸಿಯು ಹೊರಹೋಗದಂತೆ ಹೊಗೆಗೂಡಿನ ಮುಚ್ಚಳವನ್ನು ಮುಚ್ಚುವುದು ಅಲ್ಲಿನ ಪದ್ಧತಿ. ಬೇಗ ಮುಚ್ಚಿದರೆ ಮನೆ ಹೆಚ್ಚು ಬೆಚ್ಚಗಿರುವುದು. ಆದರೆ ಮನೆಯವರು ಬೆಳಗ್ಗೆ ಏಳದೆ ಹೋಗಬಹುದು. ಕೆಂಡಗಳ ಮೇಲೆ ಕುಣಿಯುವ ನೀಲಿ ಬಣ್ಣದ ಸಣ್ಣ ಜ್ವಾಲೆಗಳೇ ಆ ವಿಷವಾಯುವು ಉರಿಯುತ್ತಿರುವುದರ ಗುರುತು. ಆ ನೀಲಿಯು ಪೂರ್ತಿಯಾಗಿ ಅಡಗುವವರೆಗೆ ಅನುಭವಸ್ಥರು ಮುಚ್ಚಳಕ್ಕೆ ಕೈ ಹಾಕರು. ನೀಲಿ ಅಡಗಿದರೂ ಬೂದಿಯಡಿಯಲ್ಲಿ ಕೆಂಡ ಅವಿತಿದ್ದರೆ ಅಪಾಯ ಉಳಿದೇ ಇರುವುದರಿಂದ, ಬೂದಿಯನ್ನು ಕೆದಕಿ ನೋಡಿ, ಬಳಿಕವೂ ಮುಚ್ಚಳವನ್ನು ಕೊಂಚ ಸಂದು ಬಿಟ್ಟೇ ಇಡುವುದು ಲೇಸು. ಆ ಸಂದಿನಿಂದ ಹೋಗುವ ಅಲ್ಪ ಶಾಖಕ್ಕೆ ಮರುಗಬಾರದು. ಅದು ಪ್ರಾಣದ ಬೆಲೆ. ಈ ವಾಯುವು ಸೇರಿದೊಡನೆ ಕೂಗಿ ಎಚ್ಚರಿಸುವ ಚಿಕ್ಕ ಯಂತ್ರಗಳು ಈಗ ದೊರೆಯುತ್ತವೆ. ಒಲೆಯುಳ್ಳ ಮನೆಗೆ ಅವು ಬಾಗಿಲಿನ ಬೀಗದಷ್ಟೇ ಅವಶ್ಯಕ.

ಕಡುಚಳಿಯಲ್ಲಿ ಇನ್ನೆರಡು ಎಚ್ಚರಿಕೆಗಳುಂಟು. ಬಹುಕಾಲ ಆರಿದ್ದ ಒಲೆಯ ಹೊಗೆಗೂಡಿನಲ್ಲಿ ತಣ್ಣನೆಯ ಭಾರವಾದ ಗಾಳಿಯು ನಿಂತಿರುವುದರಿಂದ, ಹೊಸದಾಗಿ ಹಚ್ಚಿದ ಬೆಂಕಿಯ ಹೊಗೆಯು ಮೇಲೇರದೆ ಕೋಣೆಗೆ ನುಗ್ಗುವುದು. ಮೊದಲು ಒಂದು ಹಿಡಿ ಕಾಗದವನ್ನೋ ಚಕ್ಕೆಯನ್ನೋ ಉರಿಸಿ ಹೊಗೆಗೂಡನ್ನು ಬೆಚ್ಚಗೆ ಮಾಡಿ, ಅನಂತರ ಸೌದೆಯಿಡಬೇಕು. ಮತ್ತೊಂದು ಬೂದಿಯ ವಿಚಾರ. ಆರಿತೆಂದು ತೋರುವ ಬೂದಿಯಲ್ಲಿ ಕೆಂಡವು ದಿನಗಟ್ಟಲೆ ಜೀವಂತವಾಗಿರಬಲ್ಲುದು. ಅದನ್ನು ಮುಚ್ಚಳವಿರುವ ಲೋಹದ ಪಾತ್ರೆಯಲ್ಲಿ ತುಂಬಿ ಮನೆಯ ಹೊರಗಿಡಬೇಕು.

ಹಿಮವನ್ನೇ ಕಾಣದ ನಮಗೆ ಇದರಿಂದೇನೆಂದು ವಾಚಕರು ಕೇಳಬಹುದು. ನಮ್ಮಲ್ಲಿ ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು, ತಂಗಾಳಿ ಸೋಕಬಾರದೆಂದು ಕಿಟಕಿಬಾಗಿಲುಗಳನ್ನು ಭದ್ರಪಡಿಸುವ ವಾಡಿಕೆಯುಂಟು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಮಳೆಗಾಲದ ರಾತ್ರಿಗಳಲ್ಲಿ ಕೆಂಡವನ್ನು ಮಲಗುವ ಮನೆಗೆ ತರುವವರಿದ್ದಾರೆ. ಹೊಗೆಯಿಲ್ಲದ ಕೆಂಡವು ನಿರಪಾಯವೆಂದು ಅವರ ನಂಬಿಕೆ. ಆದರೆ ವಿಷವಾಯುವು ಹೆಚ್ಚಾಗಿ ಹುಟ್ಟುವುದು ಹೊಗೆಯಿಲ್ಲದ ಆ ಕೆಂಡದಿಂದಲೇ. ಸೈಬೀರಿಯಾದ ಒಲೆಗೆ ಹೊಗೆಗೂಡಾದರೂ ಉಂಟು. ನಮ್ಮ ಅಗ್ಗಿಷ್ಟಿಕೆಗೆ ಅದೂ ಇಲ್ಲ. ತಾಯಿಯನ್ನೂ ಎಳೆಕೂಸನ್ನೂ ಬೆಚ್ಚಗಿಡಲು ಹೊದಿಕೆಯುಂಟು, ಬಿಸಿನೀರಿನ ಚೀಲವುಂಟು. ಕೆಂಡವನ್ನು ಮಾತ್ರ ಮುಚ್ಚಿದ ಕೋಣೆಗೆ ಒಯ್ಯಬಾರದು. ಒಯ್ದಿದ್ದರೆ ಮಲಗುವ ಮೊದಲು ಹೊರಗಿಟ್ಟು, ಕಿಟಕಿಯನ್ನು ತೆರೆದು ಕೋಣೆಗೆ ಹೊಸ ಗಾಳಿಯನ್ನು ಬರಮಾಡಬೇಕು. ಈ ತಿಂಗಳು ಯಾರ ಮನೆಯಲ್ಲಿ ಬಾಣಂತಿಯ ಆರೈಕೆ ನಡೆದಿರುವುದೋ, ಆ ಮನೆಯ ಹಿರಿಯರಿಗೆ ಈ ಮಾತನ್ನು ಓದಿ ಹೇಳಬೇಕೆಂದು ವಾಚಕರನ್ನು ಪ್ರಾರ್ಥಿಸುವೆವು.