ಬೆಲ್ಲ, ಭಟ್ಟಿ, ಅಬಕಾರಿ

ಪರವಾನಗಿ ಇಲ್ಲದೆ, ಸುಂಕ ತೆರದೆ, ಊರಾಚೆಯ ಹಳ್ಳದ ಬದಿಯಲ್ಲೋ ನೀಲಗಿರಿ ತೋಪಿನ ಮರೆಯಲ್ಲೋ ಇಳಿಸುವ ಮದ್ಯವನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿಯೂ ಅದರ ಅಂಚಿನ ಕೋಲಾರ ಸೀಮೆಯಲ್ಲಿಯೂ ಕಳ್ಳಭಟ್ಟಿ ಎಂದು ಕರೆಯುತ್ತಾರೆ. ಅಮೆರಿಕದ ಬೆಟ್ಟಸೀಮೆಗಳಲ್ಲಿ ಮೆಕ್ಕೆಜೋಳದಿಂದ ಹೀಗೆಯೇ ಕದ್ದು ಇಳಿಸುತ್ತಿದ್ದ ಮೂನ್‌ಶೈನ್, ಟೆನೆಸ್ಸಿ ರಾಜ್ಯವು 2009ರಲ್ಲಿ ತನ್ನ ಕಾನೂನನ್ನು ಸಡಿಲಿಸಿದ ಮೇಲೆ, ಕ್ರಾಫ್ಟ್ ಡಿಸ್ಟಿಲರಿ ಎನಿಸಿಕೊಳ್ಳುವ ಸಣ್ಣ ಭಟ್ಟಿಮನೆಗಳ ಮೂಲಕ ರಾಜಾರೋಷವಾಗಿ ಅಂಗಡಿ ಸೇರಿತು. ಕರ್ನಾಟಕದಲ್ಲಿ ಬೆಲ್ಲದ ಮದ್ಯಕ್ಕೆ ಅಂಥ ಮರ್ಯಾದೆ ದೊರೆತದ್ದು ತೀರ ಈಚೆಗೆ. ಆ ನಡುವಿನ ಕಾಲದಲ್ಲಿ ಬದಲಾದದ್ದು ಮದ್ಯದ ಮೂಲ ವಿಧಾನಕ್ಕಿಂತ ಹೆಚ್ಚಾಗಿ ಅದನ್ನು ಅಳೆಯುವ, ಸೋಸುವ, ಸುಂಕಕ್ಕೆ ಒಳಪಡಿಸುವ ವ್ಯವಸ್ಥೆ ಎಂಬುದನ್ನು ಗಮನಿಸಬೇಕಾಗುತ್ತದೆ.

ಮೂಲ ವಿಧಾನ ಸರಳವಾದದ್ದು. ನೀರಿನಲ್ಲಿ ಕರಗಿಸಿ ಹುಳಿಯಲು ಬಿಟ್ಟ ಬೆಲ್ಲವನ್ನು ಅಬಕಾರಿ ಕಡತಗಳು 'ಬೆಲ್ಲದ ಕೊಳೆ' ಎನ್ನುತ್ತವೆ. ಗಾಳಿಯಲ್ಲಿಯೂ ಪಾತ್ರೆಯ ಗೋಡೆಯಲ್ಲಿಯೂ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಈ ಕೊಳೆಯಲ್ಲಿರುವ ಸಕ್ಕರೆಯನ್ನು ಮೊದಲು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಸೀಳಿ, ಬಳಿಕ ಅವನ್ನು ಎಥೆನಾಲ್ ಎಂಬ ಮದ್ಯಸಾರ ಹಾಗೂ ಇಂಗಾಲದ ಡೈಆಕ್ಸೈಡ್‌ಗಳಾಗಿ ಮಾರ್ಪಡಿಸುತ್ತದೆ. ಕೆಲವು ದಿನ ಉಕ್ಕುತ್ತಿದ್ದ ನೊರೆ ಇಳಿದರೆ ಹುಳಿಯುವಿಕೆ ಮುಗಿದಂತೆ. ಹಳೆಯ ಭಟ್ಟಿಗಾರರು ಕೊಳೆಗೆ ಬಿಳಿಜಾಲಿಯ ತೊಗಟೆಯನ್ನು ಸೇರಿಸುತ್ತಿದ್ದರು. ತೊಗಟೆಯ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ವಸ್ತು ಬೇಡದ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವುದರಿಂದ ಈ ರೂಢಿ ಬರಿಯ ನಂಬಿಕೆಯದಲ್ಲ. ಬೆಲ್ಲ ಮತ್ತು ತೊಗಟೆಯ ಈ ಜೋಡಿ ಬಹಳ ಹಳೆಯದು: ಕೌಟಿಲ್ಯನ ಅರ್ಥಶಾಸ್ತ್ರವು ಸುರಾಧ್ಯಕ್ಷನ ಪ್ರಕರಣದಲ್ಲಿ ಹೇಳುವ ಮೈರೇಯವೆಂಬ ಪಾನೀಯವೂ ತೊಗಟೆಯ ಕಷಾಯಕ್ಕೆ ಬೆಲ್ಲ ಬೆರೆಸಿ ಹುಳಿಸಿದ್ದೇ, ಆದರೆ ಅದನ್ನು ಭಟ್ಟಿ ಇಳಿಸುತ್ತಿರಲಿಲ್ಲ.

ಭಟ್ಟಿ ಇಳಿಸುವುದೆಂದರೆ ಕುದಿಯುವ ಬಿಂದುವಿನ ವ್ಯತ್ಯಾಸವನ್ನು ಬಳಸಿಕೊಂಡು ದ್ರವಗಳನ್ನು ಬೇರ್ಪಡಿಸುವುದು. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಎಥೆನಾಲ್ ಸುಮಾರು 78 ಡಿಗ್ರಿಯಲ್ಲೇ ಕುದಿಯುವುದರಿಂದ, ಕೊಳೆಯನ್ನು ಹದವಾದ ಉರಿಯಲ್ಲಿ ಕಾಯಿಸಿದಾಗ ಏಳುವ ಆವಿಯಲ್ಲಿ ಮದ್ಯಸಾರದ ಪಾಲು ಹೆಚ್ಚಿರುತ್ತದೆ, ಆ ಆವಿ ತಣ್ಣನೆಯ ಮೈಯನ್ನು ಮುಟ್ಟಿದೊಡನೆ ಹನಿಗಟ್ಟುತ್ತದೆ. ಹಳ್ಳಿಯ ಭಟ್ಟಿಯಲ್ಲಿ ಕೊಳೆಯಿರುವ ಮಡಕೆಯ ಬಾಯಿಯ ಮೇಲೆ ತಣ್ಣೀರು ತುಂಬಿದ ಪಾತ್ರೆಯನ್ನಿಟ್ಟು, ಸಂದುಗಳನ್ನು ಮಣ್ಣಿನಿಂದ ಮೆತ್ತಿ, ಪಾತ್ರೆಯ ತಳದಲ್ಲಿ ಕಟ್ಟಿದ ಹನಿಗಳು ಬಿದಿರಿನ ಕೊಳವೆಯ ಮೂಲಕ ಹೊರಬರುವಂತೆ ಮಾಡುತ್ತಿದ್ದರು. ಮಡಕೆಯ ಜಾಗಕ್ಕೆ ಹಂಡೆ ಬಂತು, ಹಂಡೆಯ ಜಾಗಕ್ಕೆ ಡ್ರಮ್ಮು ಬಂತು. ತತ್ತ್ವ ಮಾತ್ರ ಅದೇ ಉಳಿಯಿತು.

ಕುಶಲಕರ್ಮಿಯ ಭಟ್ಟಿಮನೆಯಲ್ಲಿ ಬೇರೆಯಾಗುವುದು ಮುಖ್ಯವಾಗಿ ಹನಿಯನ್ನು ಹಿಡಿಯುವ ಕ್ರಮ. ಮೊದಲು ಬರುವ ಹನಿಗಳಲ್ಲಿ ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್‌ನಂಥ, ಘಾಟು ಹೊಡೆಯುವ ಹಗುರ ವಸ್ತುಗಳು ಹೆಚ್ಚಿರುವುದರಿಂದ 'ತಲೆ' ಎನಿಸಿಕೊಳ್ಳುವ ಆ ಭಾಗವನ್ನು ಚೆಲ್ಲುತ್ತಾರೆ ಅಥವಾ ಬೇರೆಯಾಗಿ ತೆಗೆದಿಡುತ್ತಾರೆ. ನಡುವಿನ ಶುದ್ಧ ಭಾಗವೇ 'ಹೃದಯ', ಸೀಸೆಗೆ ಹೋಗುವುದು ಅದೊಂದೇ. ಉರಿ ಏರಿದಂತೆ ಕೊನೆಗೆ ಬರುವ, ಫ್ಯೂಸೆಲ್ ಎಣ್ಣೆ ಎಂಬ ಭಾರವಾದ ಮದ್ಯಸಾರಗಳಿಂದ ಕೂಡಿದ ಭಾಗ 'ಬಾಲ'. ಒಂದು ಭಾಗ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನಿರ್ಧರಿಸಲು ಉಷ್ಣಮಾಪಕವೂ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರೂ ನೆರವಾಗುತ್ತವೆಯಾದರೂ ಕಡೆಯ ತೀರ್ಪು ಮೂಗು ಮತ್ತು ನಾಲಿಗೆಯದೇ. ಭಟ್ಟಿಯನ್ನು ತಾಮ್ರದಲ್ಲಿ ಮಾಡುವುದೂ ಅಲಂಕಾರಕ್ಕಲ್ಲ, ಹುಳಿಯುವಾಗ ಹುಟ್ಟುವ ದುರ್ವಾಸನೆಯ ಗಂಧಕದ ಸಂಯುಕ್ತಗಳನ್ನು ತಾಮ್ರ ತನ್ನ ಮೈಗೆ ಹಿಡಿದುಕೊಳ್ಳುತ್ತದೆ. ಕಳ್ಳಭಟ್ಟಿಗೆ ಇದಾವುದಕ್ಕೂ ಬಿಡುವಿರಲಿಲ್ಲ. ಅಬಕಾರಿ ಪೇದೆ ಬರುವ ಮೊದಲು ಬೆಂಕಿ ಆರಿಸಬೇಕಾದವನು ತಲೆಯನ್ನು ಚೆಲ್ಲಿ, ಬಾಲವನ್ನು ಬಿಟ್ಟು, ಅರ್ಧಕ್ಕಿಂತ ಕಡಿಮೆ ಮಾಲು ಉಳಿಸಿಕೊಳ್ಳುವ ಶೋಕಿ ಮಾಡಲಾರ.

ಮದ್ಯವನ್ನು ತಡೆಯುವ ಹಾಗೂ ಮದ್ಯದಿಂದ ಬೊಕ್ಕಸ ತುಂಬಿಕೊಳ್ಳುವ ಎರಡು ಎಳೆತಗಳ ನಡುವೆ ಈ ಸೀಮೆಯ ಭಟ್ಟಿ ಬಹುಕಾಲದಿಂದ ಸಿಕ್ಕಿಕೊಂಡಿದೆ. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ, ಆದಾಯದ ನಷ್ಟವನ್ನು ಲೆಕ್ಕಿಸದೆ ಸಂಪೂರ್ಣ ಪಾನನಿರೋಧವನ್ನು ಜಾರಿಗೊಳಿಸಬೇಕೆಂಬ ಇಂಗಿತವನ್ನು 1787ರಲ್ಲಿ ತನ್ನ ಮಂತ್ರಿ ಮೀರ್ ಸಾದಿಕನಿಗೆ ಬರೆದ ಪತ್ರದಲ್ಲಿ ವ್ಯಕ್ತಪಡಿಸಿದ್ದ. ಸಂವಿಧಾನದ 47ನೆಯ ವಿಧಿ ಪಾನನಿರೋಧವನ್ನು ರಾಜ್ಯದ ಧ್ಯೇಯವಾಗಿ ಹೇಳಿದರೆ, ಏಳನೆಯ ಅನುಸೂಚಿಯು ಮದ್ಯದ ಮೇಲಿನ ಸುಂಕವನ್ನು ಅದೇ ರಾಜ್ಯದ ಕೈಗಿಡುತ್ತದೆ. ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯ ಜಾರಿಗೆ ತಂದ ಪಾನನಿರೋಧ 1967ರಲ್ಲಿ ಸಡಿಲಗೊಂಡಿತು. 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಇಂದಿಗೂ ಅಪರಾಧ.

ಪಾನನಿರೋಧ ಸಡಿಲಗೊಂಡ ಬಳಿಕ ಸಾರಾಯಿ ಅಂಗಡಿಗಳಲ್ಲಿ ಮಾರಾಟವಾದದ್ದು ಬೆಲ್ಲದ ಭಟ್ಟಿಯ ಮದ್ಯವಲ್ಲ. ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಕಾಕಂಬಿಯಿಂದ, ಎತ್ತರದ ಕಂಬಗಳಲ್ಲಿ ಎಡೆಬಿಡದೆ ಭಟ್ಟಿ ಇಳಿಸಿ ತೆಗೆದ ರೆಕ್ಟಿಫೈಡ್ ಸ್ಪಿರಿಟ್, ಅಂದರೆ ಬಹುಮಟ್ಟಿಗೆ ಶುದ್ಧವಾದ ಮದ್ಯಸಾರವೇ ನೀರು ಬೆರೆತು 100 ಮಿಲಿಲೀಟರಿನ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಸಾರಾಯಿಯಾಯಿತು. 2007ರ ಜುಲೈ 1ರಂದು ಸರ್ಕಾರ ಈ ಸಾರಾಯಿಯನ್ನು ನಿಷೇಧಿಸಿತು.

ನಿಷೇಧಕ್ಕೆ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಆನೇಕಲ್, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಗಳಲ್ಲಿ ವಿಷಮದ್ಯ ಕುಡಿದು 150ಕ್ಕೂ ಹೆಚ್ಚು ಜನರು ಸತ್ತರು; ಬೆಂಗಳೂರಿನಲ್ಲಿ 1981ರ ಜುಲೈನಲ್ಲಿ ಸಂಭವಿಸಿದ ದುರಂತದಲ್ಲಿ ಸತ್ತವರು 300ಕ್ಕೂ ಹೆಚ್ಚು. ಈ ಸಾವುಗಳನ್ನು ಇಂದಿಗೂ ಕಳ್ಳಭಟ್ಟಿಯ ತಲೆಗೆ ಕಟ್ಟುವುದುಂಟು. ಅದು ಅಷ್ಟು ಸರಿಯಾದ ಮಾತಲ್ಲ. ಕೊಂದದ್ದು ಮೆಥನಾಲ್: ಬಣ್ಣ, ವಾರ್ನಿಷ್ ಮೊದಲಾದ ಉದ್ಯಮಗಳಲ್ಲಿ ದ್ರಾವಕವಾಗಿ ಬಳಕೆಯಾಗುವ, ನೋಟಕ್ಕೂ ವಾಸನೆಗೂ ಎಥೆನಾಲನ್ನೇ ಹೋಲುವ ವಿಷ. ಹುಳಿಯುವಿಕೆಯಲ್ಲಿ ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣುಗಳಲ್ಲಿರುವ ಪೆಕ್ಟಿನ್‌ನಿಂದ. ಬೆಲ್ಲದಲ್ಲಿ ಪೆಕ್ಟಿನ್ ಇಲ್ಲದಿರುವುದರಿಂದ ಬೆಲ್ಲದ ಕೊಳೆಯಲ್ಲಿ ಅದು ಅತ್ಯಲ್ಪ. ಇಂಥ ದುರಂತಗಳ ಮೆಥನಾಲ್ ಕಾರ್ಖಾನೆಯ ಡ್ರಮ್ಮುಗಳಿಂದ ಕಳ್ಳಸಾಗಣೆಯಾಗಿ, ನೀರು ಬೆರೆಸಿದ ಕಳ್ಳಮಾಲಿನ ರೂಪದಲ್ಲಿ ಬರುವಂಥದು, ಅದರಲ್ಲಿ ಭಟ್ಟಿಯ ಪಾತ್ರವೇ ಇರುವುದಿಲ್ಲ. ಯಕೃತ್ತು ಮೆಥನಾಲನ್ನು ಫಾರ್ಮಾಲ್ಡಿಹೈಡ್ ಆಗಿ, ಬಳಿಕ ಫಾರ್ಮಿಕ್ ಆಮ್ಲವಾಗಿ ಬದಲಿಸುತ್ತದೆ. ಆ ಆಮ್ಲ ಕಣ್ಣಿನ ನರವನ್ನು ಕೆಡಿಸುವುದರಿಂದ ಬದುಕಿ ಉಳಿದವರಲ್ಲಿಯೂ ಹಲವರು ಕುರುಡರಾಗುತ್ತಾರೆ. ಹಾಗೆಂದು ಹಳ್ಳಿಯ ಭಟ್ಟಿ ನಿರಪಾಯಕರವಾಗಿತ್ತೆಂದೇನೂ ಅಲ್ಲ: ಕಿಕ್ಕು ಏರಿಸಲೆಂದು ಬೆರೆಸುತ್ತಿದ್ದ ನವಸಾಗರ ಮತ್ತು ಯೂರಿಯಾ, ಸೀಸದ ಬೆಸುಗೆಯ ಕೊಳವೆ, ತುಕ್ಕು ಹಿಡಿದ ಡ್ರಮ್ಮು ಇವೆಲ್ಲ ಕುಡಿಯುವವನ ಮೈ ಸೇರುವಂಥವೇ.

ಪಾನೀಯಗಳಿಗೆ ಸಿಕ್ಕ ಆದರ ಮಾತ್ರ ಒಂದೇ ಸಮವಾಗಿರಲಿಲ್ಲ. ಸಾರಾಯಿಯನ್ನು ನಿಷೇಧಿಸಿದ 2007ರಲ್ಲೇ ಸರ್ಕಾರ ದ್ರಾಕ್ಷಾರಸ ನೀತಿಯೊಂದನ್ನು ರೂಪಿಸಿ ವೈನ್ ಉದ್ಯಮಕ್ಕೆ ಉತ್ತೇಜನ ನೀಡಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದಲ್ಲಿ, ನಂದಿಬೆಟ್ಟದ ತಪ್ಪಲಿನ ತೋಟಗಳಲ್ಲಿ, ಗ್ರೋವರ್ ಸಂಸ್ಥೆ ಅದಾಗಲೇ 1990ರ ದಶಕದಿಂದ ವೈನ್ ತಯಾರಿಸುತ್ತಿತ್ತು. ಮುಂದೆ ಬೆಂಗಳೂರಿನ ಪಬ್‌ಗಳಿಗೆ ತಮ್ಮಲ್ಲೇ ಬಿಯರ್ ತಯಾರಿಸುವ ಅವಕಾಶವೂ ದೊರೆಯಿತು. ಬೆಲ್ಲದ ಸರದಿ ಬಂದದ್ದು ಎಲ್ಲಕ್ಕಿಂತ ಕೊನೆಗೆ. 1948ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್, 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಬಿಡುಗಡೆ ಮಾಡಿ ಹೆಸರು ಗಳಿಸಿದ ಮೇಲೆ, ಬೆಲ್ಲದ ರಮ್ಮಿನತ್ತ ತಿರುಗಿ 'ಟೂ ಇಂಡೀಸ್' ಎಂಬ ಮಿಶ್ರಣವನ್ನೂ ಅನಂತರ ಬೆಲ್ಲದ ಹೆಸರನ್ನೇ ಹೊತ್ತ ರಮ್ ಒಂದನ್ನೂ ತಂದಿತು. 2025ರಲ್ಲಿ ನಂಜನಗೂಡಿನ ಸಣ್ಣ ಭಟ್ಟಿಮನೆಯೊಂದು 'ಹುಲಿ' ಎಂಬ ಹೆಸರಿನಲ್ಲಿ ಬೆಲ್ಲದ ಮದ್ಯವನ್ನು ಮಾರುಕಟ್ಟೆಗೆ ಬಿಟ್ಟಿತು.

ಇವು ನಗರದ ಬಾರುಗಳಲ್ಲಿ ದೇಸಿ ಪರಂಪರೆಯ ಪಾನೀಯಗಳೆಂಬ ಗೌರವದಿಂದ ಮಾರಾಟವಾಗುತ್ತವೆ, ಬೆಲೆಯೂ ಅದಕ್ಕೆ ತಕ್ಕಂತೆಯೇ ಇದೆ. ಹೊಸಕೋಟೆಯ ಇಟ್ಟಿಗೆ ಗೂಡುಗಳಲ್ಲಿಯೋ ನೆಲಮಂಗಲದ ಗೋದಾಮುಗಳಲ್ಲಿಯೋ ದುಡಿದು ಸಂಜೆ ಕುಡಿಯುವವರ ಪಾಲಿಗೆ ಸಾರಾಯಿಯ ಪೊಟ್ಟಣದ ಜಾಗಕ್ಕೆ ಬಂದಿರುವುದು 90 ಮಿಲಿಲೀಟರಿನ ಟೆಟ್ರಾ ಪ್ಯಾಕ್‌ನ ಅಗ್ಗದ ವಿಸ್ಕಿ. ಅದರಲ್ಲಿ ಹೆಚ್ಚಿನ ಪಾಲು ರುಚಿಯನ್ನೂ ವಾಸನೆಯನ್ನೂ ಕಳೆದುಕೊಳ್ಳುವಷ್ಟು ಶುದ್ಧಗೊಳಿಸಿದ ಮದ್ಯಸಾರಕ್ಕೆ ನೀರು, ಬಣ್ಣ, ಪರಿಮಳ ಸೇರಿಸಿ ಶೇ 42.8ರ ಮಟ್ಟಕ್ಕೆ ಇಳಿಸಿದ್ದು. ನೊರೆಯುವ ಕೊಳೆಗೂ ಹದ ನೋಡಿ ಹಿಡಿಯುವ ಹನಿಗೂ ಅದಕ್ಕೂ ಯಾವ ನಂಟೂ ಇಲ್ಲ.